ಸಬ್‌ವೂಫರ್ ಡಬ್ಬಕ್ಕೆ ಹಲಸಿನ ಮೇಣ ತುಂಬಿದ್ದು ನಾನು

ತಮ್ಮ ಸುಕೇಶನಿಗೆ, ನಿನ್ನ ಬೆನ್ನುನೋವು, ಗಿರಿಜಾಳ ಶೀತ ಹೇಗಿವೆ? ಪುಟ್ಟಿ ಸರಿಯಾಗಿ ಉಣ್ಣುತ್ತಾಳೆಯೇ?

ಇವತ್ತು ಹಲಸು ಬಿಡಿಸುವಾಗ ಮೇಣದ ವಾಸನೆಗೇ ಹಳೆಯ ಸಿಟ್ಟು ಕೆರಳಿತು. ನಾವು ಚಿಕ್ಕವರಿದ್ದಾಗ ಯಸಳೂರಿನಲ್ಲಿ ಚಿಕ್ಕಪ್ಪ ಜೀಪಿಗೆಂದು, ಗುಡುಗುವ ದೊಡ್ಡ ಸ್ಪೀಕರ್ ಕೂರಿಸಲು ಪ್ಲೈವುಡ್ಡಿನ ಸಬ್‌ವೂಫರ್ ಡಬ್ಬ ಮಾಡಿದ್ದರಲ್ಲ, ಹಾಡು ಹಾಕಿದರೆ ಸಂದಿಗಳಿಂದ ಗಾಳಿ ಬುಸುಗುಡುತ್ತಿತ್ತು. ಅವರು ಸ್ಪೀಕರನ್ನೇ ಬೈಯುತ್ತಾ ಕೂತಿದ್ದರು. ನೀನು ಕ್ಯಾಸೆಟ್ ಹಾಕಿದೆ. ಸಂದಿಗಳ ಬಳಿ ಊದುಬತ್ತಿ ಹಿಡಿದು, ಹೊಗೆ ನಡುಗಿದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದವಳು ನಾನು. ಸೋರುವ ಕೊಡಕ್ಕೆ ಹಚ್ಚಲೆಂದು ಅಜ್ಜಿ ಕೋಲಿಗೆ ಸುತ್ತಿಟ್ಟಿದ್ದ ಹಲಸಿನ ಮೇಣವನ್ನು ಕಾಯಿಸಿ, ಬೆರಳು ಸುಟ್ಟುಕೊಂಡು ಸಂದಿಗೆ ತುಂಬಿದವಳೂ ನಾನೇ. ಬುಸುಗುಟ್ಟುವುದು ನಿಂತು, ಎದೆಗೆ ಗುದ್ದುವಂಥ ಸದ್ದು ಬಂತು.

ಗೆಳೆಯರು ಬಂದಾಗ ಚಿಕ್ಕಪ್ಪ, "ಲೀಕ್ ಎಲ್ಲೈತೆ ಅಂತ ಹಿಡ್ದಿದ್ದು ನಾನೇ ಕಣ್ರೋ" ಅಂದರು.

"ನಾನಲ್ವಾ ಚಿಕ್ಕಪ್ಪ?" ಅಂದೆ.

"ಏ ಹೋಗಮ್ಮಿ, ಹೆಣ್ಮಕ್ಳಿಗೆ ಇದೆಲ್ಲ ಏನ್ ಗೊತ್ತಾಯ್ತದೆ? ಕಾಫಿ ಮಾಡ್ಕಂಡ್ ಬಾ!"

ಎಲ್ಲರೂ ನಕ್ಕರು. ನಾನು ಕಾಫಿಯನ್ನೂ ಮಾಡಿದೆ, ಥೂ.

ನಿನ್ನೆ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಚಿಕ್ಕಪ್ಪ ಮತ್ತೆ ಅದೇ ಕತೆ ಹಾಕಿದರು, ನೀನು ಚಪ್ಪಾಳೆ ಒತ್ತಿದೆ! ಅವರ ಸುಳ್ಳಿಗಿಂತ ನಿನ್ನ ಚಪ್ಪಾಳೆಯೇ ಹೆಚ್ಚು ಉರಿಯುತ್ತಿದೆ ಕಣೋ. ಅದಕ್ಕೇ ಈ ಕಾಗದವನ್ನು ಎಲ್ಲರೂ ಓದುವಂತೆ ಇದೇ ಗ್ರೂಪಿನಲ್ಲಿ ಹಾಕಿದ್ದೇನೆ. ಅವತ್ತು ಕಣ್ಣಾರೆ ಕಂಡದ್ದನ್ನು ನೀನೂ ಇಲ್ಲೇ, ಎಲ್ಲರ ಎದುರು, ಬೇಗ ಬರೆ.