ಕಂಬಳಿ ಹೊದ್ದು ಮಲಗಿದ ಹಿಟ್ಟು

ಉದ್ದಿನ ಹಿಟ್ಟಿನ ವಾಸನೆ ಹತ್ತಿದ ಕಂಬಳಿಯನ್ನು ನೀವು ಎಂದಾದರೂ ಮೂಸಿದ್ದೀರಾ? ಇಲ್ಲವಾದರೆ ನೀವು ಪುಣ್ಯವಂತರು. ನಿಮ್ಮ ಮನೆಯ ಹಿರಿಯರ ತಲೆ ನೆಟ್ಟಗಿತ್ತು ಎಂದು ಅರ್ಥ. ಮೊನ್ನೆ ಮನೆ ಬದಲಿಸುವ ಗಡಿಬಿಡಿಯಲ್ಲಿ ಅಟ್ಟದ ಮೇಲಿಂದ ಒಂದು ಕಂದು ಬಣ್ಣದ ಉಣ್ಣೆಯ ಕಂಬಳಿ ದೊಪ್ಪನೆ ನನ್ನ ತಲೆಯ ಮೇಲೆಯೇ ಬಿತ್ತು. ನಾನೀಗ ಇರುವ ಖಾರ್ಘರಿನ ಸೆಕೆಯಲ್ಲಿ ಯಾರಿಗೆ ಬೇಕು ಕಂಬಳಿ? ಎಷ್ಟೋ ಸಲ ಒಗೆದು, ಬಿಸಿಲಿಗೆ ಹರವಿ, ನುಸಿಗುಳಿಗೆ ಇಟ್ಟು ಮಡಚಿದ್ದು ಅದು. ಆದರೂ ಮೂಗಿಗೆ ಬಂದದ್ದು ನುಸಿಗುಳಿಗೆಯ ವಾಸನೆಯಲ್ಲ. ಹಸಿ ಉದ್ದು, ಕಟ್ಟಿಗೆಯ ಹೊಗೆ, ಇಬ್ಬನಿಯಲ್ಲಿ ನೆನೆದ ಹುಲ್ಲು, ಎಲ್ಲ ಕಲೆತ ಒಂದು ವಾಸನೆ. ಸಾಮಾನು ಕಟ್ಟುವವರು "ಮ್ಯಾಡಂ, ಯೆ ಫೇಂಕ್ನಾ ಹೈ ಕ್ಯಾ?" ಎಂದು, ಬಿಸಾಡುವುದಾ ಅಂತ ಕೇಳುತ್ತಿದ್ದರೆ ನಾನು ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು, ತೀರಿಹೋಗಿ ವರ್ಷಗಳಾದ ಒಬ್ಬರ ಮೇಲೆ ಹೊಸದಾಗಿ ಸಿಟ್ಟು ಮಾಡಿಕೊಳ್ಳುತ್ತಿದ್ದೆ. ಅವರು ನನ್ನ ದೊಡ್ಡಪ್ಪ.

ನಾನು ಚಿಕ್ಕವಳಿದ್ದಾಗ ನಾವಿದ್ದದ್ದು ಡೊಂಬಿವಲಿ ಪೂರ್ವದಲ್ಲಿ, ಎರಡು ಕೋಣೆ ಮತ್ತು ಒಂದು ಅಡುಗೆಮನೆಯ ಫ್ಲಾಟಿನಲ್ಲಿ. ದೊಡ್ಡಪ್ಪ, ದೊಡ್ಡಮ್ಮ, ಅಪ್ಪ, ಅಮ್ಮ, ನಾನು. ದೊಡ್ಡಪ್ಪನವರಿಗೆ ಮಕ್ಕಳಿರಲಿಲ್ಲ, ಆ ಜಾಗದಲ್ಲಿಯೂ ನಾನೇ ಇದ್ದೆ. ಅಪ್ಪ ಮಹಾಪೆಯ ಒಂದು ಕಂಪನಿಗೆ ಹೋಗುತ್ತಿದ್ದ. ದೊಡ್ಡಪ್ಪನದು ಶಹಾಡ್ ಸ್ಟೇಷನ್ನಿನ ಹತ್ತಿರ, ಕಾರ್ಖಾನೆಯ ಶಿಫ್ಟಿನವರನ್ನೇ ನಂಬಿಕೊಂಡಿದ್ದ ಚಿಕ್ಕ ಉಡುಪಿ ಹೋಟೆಲು. ಹೋಟೆಲು ಶಹಾಡಿನಲ್ಲಿ ಇತ್ತು ಎಂಬುದು ಹೊರಗಿನವರ ತಿಳಿವಳಿಕೆ. ಅದರ ಅರ್ಧ ನಮ್ಮ ಅಡುಗೆಮನೆಯಲ್ಲಿತ್ತು. ಸಾಂಬಾರಿನ ಮಸಾಲೆ ಹುರಿಯುವುದು, ಚಟ್ನಿಗೆ ಹುರಿಗಡಲೆ ಆರಿಸುವುದು, ಶೀರಾಕ್ಕೆ ರವೆ ಹದ ಮಾಡುವುದು ಎಲ್ಲವೂ ದೊಡ್ಡಮ್ಮನ ಕೆಲಸ, ಏಕೆಂದರೆ ಬೇರೆಯವರ ಕೈ ದೊಡ್ಡಪ್ಪನಿಗೆ ಒಗ್ಗುತ್ತಿರಲಿಲ್ಲ. ಬೆಳಕು ಹರಿಯುವ ಮೊದಲು ಅವಳ ಒಲೆ ಹೊತ್ತುತ್ತಿತ್ತು. ಮಸಾಲೆ ಡಬ್ಬ ಹೊತ್ತುಕೊಂಡು ದೊಡ್ಡಪ್ಪ ಲೋಕಲ್ ರೈಲು ಹಿಡಿದ ಮೇಲಾದರೂ ಅವಳು ಒಂದು ಲೋಟ ಚಾ ಹಿಡಿದು ಬಾಲ್ಕನಿಯಲ್ಲಿ ಕೂರಬೇಕು. ಆದರೆ ತುಟಿಗೆ ತಾಗಿಸುವಷ್ಟರಲ್ಲಿ ಹೋಟೆಲಿನಿಂದ ಫೋನು ಬರುತ್ತಿತ್ತು. "ಹೋಯ್, ಇಂಗು ಹಾಕಿದ್ಯಾ? ಉಪ್ಪು ನೋಡಿದ್ಯಾ?" ಉತ್ತರ ಹೇಳಿ ಬರುವ ಹೊತ್ತಿಗೆ ಚಾದ ಮೇಲೆ ಕೆನೆ ಕಟ್ಟಿರುತ್ತಿತ್ತು. ಅದನ್ನು ಬೆರಳಿನಿಂದ ಎತ್ತಿ ಬದಿಗೆ ಹಾಕಿ, ತಣ್ಣಗಿನ ಚಾವನ್ನು ಔಷಧಿಯ ಹಾಗೆ ಒಂದೇ ಗುಟುಕಿಗೆ ಮುಗಿಸಿಬಿಡುತ್ತಿದ್ದಳು.

ಹೀಗಿರುವಾಗ ಪಕ್ಕದ ಮನೆಯ ಸುಮನ್ ಕಾಕು ತಮ್ಮ ಮಗ, ಸೊಸೆಯ ಜೊತೆ ಮಾಳಶೇಜ್ ಘಾಟಿನ ಮೇಲೆ ಎಲ್ಲೋ ಕಾಡಿನೊಳಗೆ ಟೆಂಟಿನಲ್ಲಿ ಒಂದು ರಾತ್ರಿ ಇದ್ದು ಬಂದರು. ಬಂದವರು ಸುಮ್ಮನಿರಬೇಕಲ್ಲ. ಬೆಟ್ಟ, ಮಂಜು, ಹಕ್ಕಿ ಎಂದು ಏನೇನೋ ವರ್ಣಿಸಿದರು. ದೊಡ್ಡಮ್ಮನ ಕಿವಿಗೆ ಬಿದ್ದದ್ದು ಒಂದೇ ಮಾತು: ಬೆಳಿಗ್ಗೆ ಅಲ್ಲಿಯವರು ಟೆಂಟಿನ ಬಾಗಿಲಿಗೇ ಚಾ ತಂದು ಕೊಡುತ್ತಾರೆ. ಆ ಸಂಜೆ ಅವಳು ನನಗೆ ಜಡೆ ಹಾಕುತ್ತಾ ಹಾಕುತ್ತಾ ಕೇಳಿದಳು. "ಕೂತಲ್ಲಿಗೇ ಅಂತೆ ಮಗಾ. ನಾವು ಏಳ್ಲಿಕ್ಕೇ ಇಲ್ವಂತೆ. ಹೌದಾ?" ನಾನು ಆರನೇ ಕ್ಲಾಸಿನ ಜಂಬದಲ್ಲಿ "ಹಾಂ, ವಹಾಂ ಸಬ್ ಮಿಲ್ತಾ ಹೈ", ಎಲ್ಲ ಸಿಗುತ್ತದೆ ಎಂದೆ. ಅವಳು ಕನ್ನಡದಲ್ಲಿ ಕೇಳುವುದು, ನಾನು ಹಿಂದಿಯಲ್ಲಿ ಹೇಳುವುದು, ನಮ್ಮಿಬ್ಬರ ಮಾತು ಯಾವಾಗಲೂ ಹಾಗೆಯೇ. ಊಟದ ಹೊತ್ತಿಗೆ ಅವಳು ದೊಡ್ಡಪ್ಪನ ತಟ್ಟೆಗೆ ಸಾರು ಬಡಿಸುತ್ತಾ, ಮದುವೆಯಾದ ಮೇಲೆ ಮೊದಲ ಸಲ ಇರಬೇಕು, ಏನನ್ನೋ ಬೇಡಿದಳು. "ನಂಗೆ ಸೀರೆ ಬೇಡ, ಬಂಗಾರ ಬೇಡ. ಒಂದೇ ಒಂದು ಬೆಳಿಗ್ಗೆ ಬೇರೆಯವ್ರು ಮಾಡಿದ ಚಾ ಕೂತು ಕುಡೀಬೇಕು ನೋಡಿ." ದೊಡ್ಡಪ್ಪ ಉಂಡು, ಕೈ ತೊಳೆದು, ಟವೆಲಿಗೆ ಒರೆಸಿಕೊಳ್ಳುತ್ತಾ "ಹೋಗುವ" ಎಂದರು. ನಾವೆಲ್ಲ ನಂಬಿದೆವು. ನಂಬಿದ್ದೇ ತಪ್ಪು.

ಮಾಳಶೇಜಿಗೆ ಹೋಗಲು ಕಲ್ಯಾಣದಿಂದ ಮುರ್ಬಾಡ್ ರಸ್ತೆ ಹಿಡಿಯಬೇಕಾದರೆ ಶಹಾಡ್ ದಾಟಲೇಬೇಕು. ಅದು ಆ ರಸ್ತೆಯ ತಪ್ಪಲ್ಲ, ನಮ್ಮ ಗ್ರಹಚಾರ. ಡಿಸೆಂಬರಿನ ಒಂದು ಶನಿವಾರ ಬಾಡಿಗೆ ಜೀಪು ಹೋಟೆಲಿನ ಮುಂದೆ "ಎರಡೇ ನಿಮಿಷ" ನಿಂತಿತು. ಒಳಗೆ ಹೋದ ದೊಡ್ಡಪ್ಪ ಬರುವಾಗ ಹಿಂದೆ ಇಬ್ಬರು ಸಪ್ಲಾಯರುಗಳು ಸಾಮಾನು ಹೊತ್ತು ಬಂದರು. ಬೆಳಿಗ್ಗೆಯಷ್ಟೇ ರುಬ್ಬಿದ ಇಡ್ಲಿ ಹಿಟ್ಟಿನ ದೊಡ್ಡ ಸ್ಟೀಲ್ ಡಬ್ಬ, ಇಡ್ಲಿ ಪಾತ್ರೆ, ತೆಂಗಿನಕಾಯಿ, ತುರಿಮಣೆ. ಹೌದು, ತುರಿಮಣೆ. ಕಾಡಿಗೆ ಹೋಗುವವರು ಟಾರ್ಚು ಒಯ್ಯುತ್ತಾರೆ, ನಾವು ತುರಿಮಣೆ ಒಯ್ದೆವು. ಮೈಸೂರಿನವಳಾದ ನನ್ನ ಅಮ್ಮ ತಡೆಯಲಾರದೆ, "ಭಾವ, ಅಲ್ಲಿ ಊಟ ತಿಂಡಿ ಎಲ್ಲಾ ಅವ್ರೇ ಕೊಡ್ತಾರಂತಲ್ಲ?" ಎಂದಳು. ದೊಡ್ಡಪ್ಪ ಡಬ್ಬವನ್ನು ಸೀಟಿನ ಮೇಲೆ ಭದ್ರವಾಗಿ ಕೂರಿಸಿ, "ಕೊಡ್ಲಿ. ಅವ್ರು ಕೊಡುವುದು ತಿನ್ಲಿಕ್ಕೆ ಆಗ್ಬೇಕಲ್ಲ?" ಎಂದರು. ಮೂರು ಹೊತ್ತೂ ಊರಿನವರಿಗೆ ಉಣಿಸುವ ಮನುಷ್ಯನಿಗೆ ಬೇರೆಯವರ ಅಡುಗೆಯ ಮೇಲೆ ಒಂದು ಚೂರೂ ನಂಬಿಕೆ ಇರಲಿಲ್ಲ. ಸೀಟು ಹೋದ ನಾನು ಅಮ್ಮನ ತೊಡೆಯ ಮೇಲೆ ಕೂತೆ. ದೊಡ್ಡಮ್ಮ ಕಿಟಕಿಯ ಹೊರಗೆ ನೋಡಿದಳು. ಡಬ್ಬವನ್ನು ನೋಡಿದರೆ ಎಲ್ಲಿ ಅದು ನಿಜವಾಗಿಬಿಡುತ್ತದೋ ಎನ್ನುವ ಹಾಗೆ.

ಘಾಟು ಹತ್ತಿ, ಡಾಂಬರು ಬಿಟ್ಟು ಮಣ್ಣಿನ ದಾರಿ ಹಿಡಿದು, ಕೊನೆಗೆ ತಲುಪಿದ ಜಾಗ ಮಾತ್ರ, ಅದರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಬಲು ಚೆಂದ. ಬೆಟ್ಟದ ನೆತ್ತಿಯಲ್ಲಿ ನೇರಳೆ, ಅಳಲೆ ಮರಗಳ ಒತ್ತಾದ ಕಾಡು, ಅದರ ನಡುವೆ ಒಂದಿಷ್ಟು ಸಮತಟ್ಟು ಹುಲ್ಲು, ಹುಲ್ಲಿನ ಮೇಲೆ ಸಾಲಾಗಿ ಟೆಂಟುಗಳು. ಮರಗಳು ಮುಗಿದಲ್ಲಿ ಬೆಟ್ಟವೂ ಕಡಿದು ಹಾಕಿದಂತೆ ಮುಗಿದು, ಕೆಳಗೆ ಇಡೀ ಕೊಂಕಣ ನೀಲಿಯಾಗಿ ಹಬ್ಬಿತ್ತು. ಕಲ್ಯಾಣವೂ ಡೊಂಬಿವಲಿಯೂ ಅಲ್ಲೇ ಎಲ್ಲೋ ಮಬ್ಬಿನ ಅಡಿಯಲ್ಲಿವೆ ಎಂದು ಅಪ್ಪ ತೋರಿಸಿದ. ದೊಡ್ಡಮ್ಮ ಚಪ್ಪಲಿ ಕಳಚಿ ಹುಲ್ಲಿನ ಮೇಲೆ ನಿಂತಳು. ಅವಳು ಏನೂ ಕೆಲಸ ಮಾಡದೆ ಸುಮ್ಮನೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ಗೊತ್ತಾಗದೆ ಸೆರಗಿನ ತುದಿಯನ್ನು ಸುತ್ತುತ್ತಿದ್ದಳು. ಕ್ಯಾಂಪು ನಡೆಸುತ್ತಿದ್ದದ್ದು ಆ ಕಡೆಯವರೇ ಆದ ಗಂಡ ಹೆಂಡತಿ. ಹೆಂಗಸು ಬಂದು, ಬೆಳಿಗ್ಗೆ ಚಾ ಎಲ್ಲಿಗೆ ತರಲಿ ಎಂದು ಮರಾಠಿಯಲ್ಲಿ ಕೇಳಿದರೆ ದೊಡ್ಡಮ್ಮ ನಾಚಿಕೊಂಡು, ಅಂಚಿನ ಹತ್ತಿರ ಹಾಕಿದ್ದ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ತೋರಿಸಿದಳು.

ಸೂರ್ಯ ಮುಳುಗಿದ್ದೇ ತಡ, ಚಳಿ ಬಂತು ನೋಡಿ. ಡೊಂಬಿವಲಿಯ ಚಳಿಯೆಂದರೆ ಫ್ಯಾನನ್ನು ಒಂದು ಸುತ್ತು ಕಡಿಮೆ ಮಾಡುವಷ್ಟು. ಇದು ಹಲ್ಲು ಕಟಕಟ ಎನ್ನುವ ಚಳಿ. ನಾವು ಬೆಂಕಿಯ ಸುತ್ತ ಕೂತಿದ್ದರೆ ದೊಡ್ಡಪ್ಪ ಮತ್ತೆ ಮತ್ತೆ ಟೆಂಟಿಗೆ ಹೋಗಿ ಮುಚ್ಚಳ ತೆಗೆದು ನೋಡುತ್ತಿದ್ದರು. ಹಿಟ್ಟು ಕಲ್ಲಿನಂತೆ ತಣ್ಣಗಿತ್ತು, ಹುಳಿ ಬರುವ ಸುಳಿವೇ ಇಲ್ಲ. ಊರಿನಲ್ಲಿ ಚಳಿಗಾಲದಲ್ಲಿ ಹಿಟ್ಟಿನ ಪಾತ್ರೆಗೆ ಹಳೆಯ ಬೆಡ್‌ಶೀಟು ಸುತ್ತುವುದುಂಟು, ನಮ್ಮ ಮನೆಯಲ್ಲೂ ಸುತ್ತುತ್ತಿದ್ದರು. ಆ ಲೆಕ್ಕದಲ್ಲಿ ದೊಡ್ಡಪ್ಪ ಮೊದಲು ತಮ್ಮ ಶಾಲು ಸುತ್ತಿದರು. ಆಮೇಲೆ ಮನೆಯಿಂದ ತಂದಿದ್ದ ತಮ್ಮ ಕಂಬಳಿ. ಆಮೇಲೆ ಅಪ್ಪನದು, ಆಮೇಲೆ ನನ್ನದು, ಈಗ ಅಟ್ಟದಿಂದ ಬಿದ್ದ ಅದೇ ಕಂದು ಕಂಬಳಿ. ಅಮ್ಮ ಟೆಂಟಿಗೆ ಬಂದು ನೋಡುವಾಗ ನಡುವೆ ಕಂಬಳಿಗಳ ಗುಡ್ಡೆ, ಅದರೊಳಗೆ ಹಿಟ್ಟು, ಬದಿಯಲ್ಲಿ ಬರಿ ಚಾಪೆಯ ಮೇಲೆ ನಾನು. ಅವಳ ಪಿತ್ತ ನೆತ್ತಿಗೇರಿತು. "ಅಕ್ಕಾ, ಬಂದು ನೋಡಿ ಇಲ್ಲಿ! ಮಗು ನಡುಗ್ತಾ ಇದೆ, ಹಿಟ್ಟಿಗೆ ಕಂಬಳಿ ಹೊದ್ಸಿದಾರೆ!" ದೊಡ್ಡಪ್ಪನಿಗೆ ಇದರಲ್ಲಿ ಕೂಗಾಡುವಂಥದ್ದೇನಿದೆ ಎಂದೇ ಅರ್ಥವಾಗಲಿಲ್ಲ. "ಮನುಷ್ಯರಿಗೆ ಚಳಿಯಾದ್ರೆ ಬೆಂಕಿ ಹತ್ರ ಕೂತ್ಕೊಳ್ಳಬಹುದು. ಹಿಟ್ಟು ಎಲ್ಲಿ ಹೋಗಿ ಕೂತ್ಕೊಳ್ತದೆ?" ಎಂದರು. ದೊಡ್ಡಮ್ಮ ತಲೆ ಚಚ್ಚಿಕೊಂಡು, ತನ್ನ ಕಂಬಳಿಯನ್ನು ನನಗೆ ಹೊದೆಸಿ, ತಾನು ಎರಡು ಸೀರೆ ಸುತ್ತಿಕೊಂಡು ಮಲಗಿದಳು. ನಮ್ಮ ಪೈಕಿ ಬೆಚ್ಚಗೆ ನಿದ್ದೆ ಮಾಡಿದ್ದು ಹಿಟ್ಟು ಮಾತ್ರ.

ಅಷ್ಟೆಲ್ಲ ಮಾಡಿಸಿಕೊಂಡೂ ಅದು ಉಬ್ಬಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟಾಗ ನನಗೆ ಕಂಡದ್ದು ದೊಡ್ಡಮ್ಮನ ಬೆನ್ನು. ಮುಖ ತೊಳೆದು, ಕುಂಕುಮ ಇಟ್ಟು, ಬೇರೆ ಸೀರೆ ಉಟ್ಟು, ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು, ಸಿನಿಮಾ ಶುರುವಾಗುವುದನ್ನು ಕಾಯುವವರ ಹಾಗೆ. ಕಣಿವೆಯ ತುಂಬ ಬಿಳಿ ಮಂಜು. ಎಲ್ಲೋ ಒಂದು ಹಕ್ಕಿ ಹುಡುಗರು ಸೀಟಿ ಹೊಡೆದಂತೆ ಕೂಗುತ್ತಿತ್ತು. ನಾನು ಹೋಗಿ ಅವಳ ಕಾಲ ಬಳಿ ಹುಲ್ಲಿನ ಮೇಲೆ ಕೂತೆ. "ಈಗ ತರ್ತಾರೆ ಮಗಾ" ಎಂದು ಪಿಸುಗುಟ್ಟಿದಳು. ಆ ಹೊತ್ತಿಗಾಗಲೇ ದೊಡ್ಡಪ್ಪ ಕ್ಯಾಂಪಿನ ಅಡುಗೆಯ ಚಪ್ಪರಕ್ಕೆ ನುಗ್ಗಿದ್ದರು. ಇಡ್ಲಿ ಆಗದಿದ್ದರೆ ದೋಸೆ! ಹಿಟ್ಟಿಗೆ ನೀರು ಸುರಿದು, ಭಾಕ್ರಿ ರೊಟ್ಟಿ ಬೇಯಿಸುವ ಕಾವಲಿಗೆ ಈರುಳ್ಳಿ ಉಜ್ಜಿ, ಹುಯ್ದೇಬಿಟ್ಟರು. ಪಕ್ಕದ ಟೆಂಟುಗಳಲ್ಲಿ ಠಾಣೆ ಪಟ್ಟಣದ ಯಾವುದೋ ವಸತಿ ಸೊಸೈಟಿಯವರಿದ್ದರು, ಎಣ್ಣೆಯ ವಾಸನೆಗೆ ಒಬ್ಬೊಬ್ಬರಾಗಿ ಎದ್ದು ಬಂದು, "ಅಂಕಲ್, ಡೋಸಾ?" ಎಂದು ತಟ್ಟೆ ಹಿಡಿದು ನಿಂತರು. ಗಿರಾಕಿಗಳ ಸಾಲು ಕಂಡ ದೊಡ್ಡಪ್ಪನಿಗೆ ತಾವು ಬೆಟ್ಟದ ಮೇಲಿದ್ದೇವೆ ಎಂಬುದೇ ಮರೆತುಹೋಯಿತು. ತಿರುಗಿಯೂ ನೋಡದೆ, ಹೋಟೆಲಿನ ಗಲ್ಲಾದಿಂದ ಕೂಗುವ ದನಿಯಲ್ಲೇ ಕೂಗಿದರು. "ಹೋಯ್! ಚಟ್ನಿ!"

ದೊಡ್ಡಮ್ಮ ಅಲುಗಲಿಲ್ಲ. ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಏಳಬೇಡ, ಈ ಒಂದು ಸಲ ಏಳಬೇಡ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಎರಡನೇ ಕೂಗು ಬಂತು. "ಹೋಯ್, ಕೇಳ್ತದಾ? ಜನ ಕಾಯ್ತಿದ್ದಾರೆ ಮಾರಾಯ್ತಿ!" ಜನ ಕಾಯುತ್ತಿದ್ದಾರೆ ಎಂದ ಮೇಲೆ ಮುಗಿಯಿತು. ಅವಳ ಕಾಲುಗಳು ಅವಳನ್ನು ಕೇಳದೆಯೇ ಎದ್ದವು. ಚಪ್ಪರದ ಹಿಂದೆ ಮಸಾಲೆ ಅರೆಯುವ ಕಲ್ಲೊಂದಿತ್ತು. ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ತುರಿಮಣೆಯಲ್ಲಿ ಕಾಯಿ ತುರಿದು, ಆಗಷ್ಟೇ ಉಟ್ಟ ಸೀರೆಗೆ ಮೆಣಸಿನ ನೀರು ಸಿಡಿಸಿಕೊಳ್ಳುತ್ತಾ ಅರೆಯತೊಡಗಿದಳು. ಅಮ್ಮ ಸಹಾಯಕ್ಕೆ ಹೋದಳು. ಅಪ್ಪ ತಟ್ಟೆ ಹಂಚಿದ. ನಾನು ಕುರ್ಚಿಯ ಹತ್ತಿರವೇ ಉಳಿದೆ. ಕ್ಯಾಂಪಿನ ಹೆಂಗಸು ಹೇಳಿದ ಮಾತಿನಂತೆ ಚಾ ತಂದಳು, ಯಾರೂ ಇಲ್ಲದ್ದನ್ನು ಕಂಡು ಲೋಟವನ್ನು ಕುರ್ಚಿಯ ಮೇಲೆಯೇ ಇಟ್ಟು ಹೋದಳು. ಹಬೆ ನಿಂತಿತು. ಕೆನೆ ಕಟ್ಟಿತು. ಮಂಜು ಕರಗಿ ಬಿಸಿಲು ಬಂದು, ಒಂದು ಇರುವೆ ಲೋಟದ ಅಂಚಿಗೆ ಸುತ್ತು ಹಾಕತೊಡಗಿದರೂ ದೊಡ್ಡಮ್ಮ ಬರಲಿಲ್ಲ.

ದೊಡ್ಡಪ್ಪ ಕೆಟ್ಟವರಾಗಿದ್ದರೆ ನನಗೆ ಈ ಸಿಟ್ಟನ್ನು ಹೊರುವುದು ಸುಲಭವಿತ್ತು. ಅವರಿಗೆ ಖುಷಿಯೆಂದರೆ ಅದೇ. ತನ್ನ ಕಾವಲಿ, ತನ್ನ ಹೆಂಡತಿಯ ಚಟ್ನಿ, ತಿನ್ನುವ ಜನ. ಆ ಖುಷಿಯಲ್ಲಿ ಅವಳಿಗೂ ಪಾಲುಂಟು ಎಂದೇ ಅವರು ನಂಬಿದ್ದರು. ಇಳಿಯುವ ದಾರಿಯಲ್ಲಿ ಜೀಪಿನಲ್ಲಿ ಹೆಮ್ಮೆಯಿಂದ ಅವಳಿಗೆ ಹೇಳಿದರು, "ನಿನ್ನ ಚಟ್ನಿ ತಿಂದು ಠಾಣೆಯವ್ರು ಬೆರಳು ಚೀಪಿದ್ರು, ನೋಡಿದ್ಯಾ?" ದೊಡ್ಡಮ್ಮ "ಮುಂದಿನ ಸಲ ನೀವೂ ನಿಮ್ಮ ಹಿಟ್ಟೂ ಇಬ್ಬರೇ ಹೋಗಿ" ಎಂದಳು. ಎಲ್ಲರೂ ನಕ್ಕರು, ಅವರೇ ಎಲ್ಲರಿಗಿಂತ ಜೋರಾಗಿ. ಮುಂದಿನ ಸಲ ಬರಲಿಲ್ಲ. ಬೆಟ್ಟದ ಮೇಲೆ ಹೋಟೆಲು ಇಟ್ಟ ಕಥೆಯನ್ನು ಮಾತ್ರ ಅವರು ಬಂದವರಿಗೆಲ್ಲ ಹೇಳಿದರು. ಪ್ರತಿ ಸಲ ಅವರು ಹೇಳುವಾಗ ಅವಳು ಅಡುಗೆಮನೆಯಲ್ಲಿ ಬಂದವರಿಗೆ ಚಾ ಮಾಡುತ್ತಿದ್ದಳು.

ಆ ಮನೆ ಈಗ ಇಲ್ಲ. ಬಿಲ್ಡಿಂಗು ರಿಡೆವಲಪ್‌ಮೆಂಟಿಗೆ ಹೋಗಿ, ಆ ಅಡುಗೆಮನೆ ಇದ್ದ ಎತ್ತರದಲ್ಲಿ ಈಗ ಪಾರ್ಕಿಂಗ್ ಮಹಡಿ, ಅಲ್ಲಿ ಯಾರದೋ ಕಾರು ನಿಲ್ಲುತ್ತದೆ. ಕಾರ್ಖಾನೆಯ ಶಿಫ್ಟುಗಳು ಕಡಿಮೆಯಾಗುತ್ತಾ ಹೋದ ಹಾಗೆ ಹೋಟೆಲೂ ಸೊರಗಿ ಮುಚ್ಚಿತು. ಮುಚ್ಚಿದ ಮರುವರ್ಷ ದೊಡ್ಡಪ್ಪ ಹೋದರು. ಊಟ ಮಾಡಿ ಮಲಗಿದವರು ಏಳಲಿಲ್ಲ. ಆಮೇಲೆ ಕೆಲವು ವರ್ಷ ದೊಡ್ಡಮ್ಮ ನಮ್ಮ ಜೊತೆಗಿದ್ದಳು. ಅವಳೂ ಹೋದ ಮೇಲೆ 'ಮಗಾ' ಎಂದು ಕರೆದು ನನ್ನೊಡನೆ ಆ ಕನ್ನಡ ಮಾತಾಡುವವರು ಯಾರೂ ಉಳಿದಿಲ್ಲ. ಅವಳಿಗೆ ಹಿಂದಿಯಲ್ಲಿ ಕೊಟ್ಟ ಉತ್ತರಗಳನ್ನೆಲ್ಲ ಈಗ ಕನ್ನಡದಲ್ಲಿ ಬರೆಯುತ್ತಾ ಕೂತಿದ್ದೇನೆ, ಕೇಳುವವರಿಲ್ಲ.

ದೊಡ್ಡಪ್ಪ ಹೋದ ದಿನದ್ದು ಒಂದು ಮಾತು ಉಳಿದಿದೆ. ಸಾವಾದ ಮನೆಯಲ್ಲಿ ಆ ದಿನ ಒಲೆ ಹಚ್ಚುವಂತಿಲ್ಲ. ಗಂಡಸರು ಅವರನ್ನು ತೆಗೆದುಕೊಂಡು ಹೋಗಿಯಾಗಿತ್ತು. ದೊಡ್ಡಮ್ಮ ಹೊರಗಿನ ಕೋಣೆಯಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಸುಮನ್ ಕಾಕು ತಮ್ಮ ಮನೆಯಿಂದ ಫ್ಲಾಸ್ಕಿನಲ್ಲಿ ಚಾ ತಂದು, ಲೋಟಕ್ಕೆ ಬಗ್ಗಿಸಿ, ಅವಳು ಏಳಲು ಹೋದರೆ ಹೆಗಲು ಒತ್ತಿ ಕೂರಿಸಿ, ಕೂತಲ್ಲಿಗೇ ಕೈಗೆ ಕೊಟ್ಟರು. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ಕುಡಿದಳು. ಪ್ರತಿ ಗುಟುಕಿಗೂ ನಿಲ್ಲಿಸಿ ಒಳಗಿನ ಕಡೆಗೆ ಕಿವಿಗೊಡುತ್ತಿದ್ದಳು. ಕೊನೆಯ ಗುಟುಕಿನವರೆಗೂ ಅದು ಬಿಸಿಯಾಗಿಯೇ ಇದ್ದಿರಬೇಕು. ಖಾಲಿ ಲೋಟವನ್ನು ನನ್ನ ಕೈಗಿಟ್ಟು, ನನ್ನ ಮುಖವನ್ನೇ ನೋಡಿ ಹೇಳಿದಳು.

"ಪೂರ್ತಿ ಕುಡಿದೆ ಮಗಾ. ಯಾರೂ ಕರೀಲಿಲ್ಲ."