ನಾಲ್ಕು ಗಂಟಿನ ದಾರ

ಅಂಗಳಕ್ಕೆ ನೀರು ಹಾಕಿ, ರಂಗೋಲಿ ಎಳೆದು, ಹಾಲು ಕಾಯಲು ಇಟ್ಟೆ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡುತ್ತಿದ್ದಾಗ ನಮ್ಮ ಯಜಮಾನರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಮಂಡಿಪೇಟೆಯಲ್ಲಿ ಅವರದು ಪೈಪು, ಪಂಪ್‌ಸೆಟ್ಟಿನ ಅಂಗಡಿ.

"ಕೇಳಿಲ್ಲಿ. ಪೈಪಿನ ಕಂಪನಿಯೋರು ಈ ಸಲ ಡೀಲರ್‌ಗಳನ್ನ ಪ್ಯಾರಿಸ್‌ಗೆ ಕರ್ಕೊಂಡು ಹೋಗ್ತಾರಂತೆ. ಜೋಡಿ ಟಿಕೆಟ್ ಐತೆ. ಕೊನೇ ಐದು ದಿನ ನಮ್ ಪಾಡಿಗೆ ನಮ್ಮನ್ನ ಬಿಡ್ತಾರೆ. ಒಂದು ಕಾರ್ ತಗೊಂಡು ಸಮುದ್ರದ ಕಡೆ ಹೋಗಿ ಬರೋಣ. ಎಲ್ಲೆಲ್ಲಿ ಉಳ್ಕೋಬೇಕು ಅಂತ ನೀನೇ ಬರ್ದಿಡು. ಕಾನ್ವೆಂಟಿನಾಗೆ ಓದಿದೋಳು."

"ಓಡ್ಸೋದು ಯಾರು?"

"ನೀನೇ. ಆ ದೇಶದ ಉಲ್ಟಾ ಸೈಡು ನಂಗೆ ಬಗೆಹರಿಯಂಗಿಲ್ಲ."

ಆಯಿತು ಎಂದೆ. ಎಣ್ಣೆಗೆ ಸಾಸಿವೆ ಹಾಕಿದೆ. ಸಿಡಿಯಿತು. ಅವರು ತಿಂದು, ಚೆನ್ನಾಗೈತೆ ಎಂದು ಹೇಳಿ ಅಂಗಡಿಗೆ ಹೋದರು.

ಆಮೇಲೆ ಬೀರುವಿನ ಕೆಳಗಿನ ಖಾನೆಯಿಂದ, ಹಳೆಯ ದಿಂಬಿನ ಚೀಲದಲ್ಲಿ ಸುತ್ತಿಟ್ಟಿದ್ದ ಅಟ್ಲಾಸನ್ನು ತೆಗೆದೆ. ಮೇಲೆ ನುಸಿಗುಳಿಗೆಯ ವಾಸನೆ, ಅದರಡಿಯಲ್ಲಿ ಸೀಮೆಸುಣ್ಣದ ವಾಸನೆ. ತೆರೆದಾಗ ಹಾಳೆಗಳ ನಡುವಿನಿಂದ ಒಂದು ನೀಲಿ ದಾರ ಜಾರಿ ನೆಲಕ್ಕೆ ಬಿತ್ತು. ಅದರಲ್ಲಿ ನಾಲ್ಕು ಗಂಟುಗಳಿದ್ದವು. ಬಗ್ಗಿ ಎತ್ತಿಕೊಂಡೆ…

ಆ ಗಂಟು ಹಾಕಿದವರು ನಮ್ಮ ಭೂಗೋಳದ ಮಿಸ್.

ಹರಿಹರದ ಕಾನ್ವೆಂಟಿನಲ್ಲಿ ಅವರು ನಮಗೆ ಆರನೆಯ ತರಗತಿಯಿಂದ ಪಾಠ ಮಾಡಿದ್ದರು. ಒದ್ದೆ ದಾರವನ್ನು ನಕ್ಷೆಯ ಮೇಲೆ ನದಿಯ ಅಂಕುಡೊಂಕಿನ ಗುಂಟ ಕೂರಿಸಿ, ಆಮೇಲೆ ನೆಟ್ಟಗೆ ಎಳೆದು ಅಳೆಯಲು ಕಲಿಸಿದ್ದರು. ಶೃಂಗೇರಿಯಿಂದ ಹರಿಹರದವರೆಗೆ ಹೊಳೆ ಎಷ್ಟು ದೂರ ನಡೆದು ಬಂದಿದೆ ಎಂದು ನಾವು ಅಳೆದದ್ದು ಹಾಗೆಯೇ. ಎಷ್ಟೋ ವರ್ಷಗಳ ಮೇಲೆ, ನಿವೃತ್ತರಾಗಿ, ದಾವಣಗೆರೆಯಲ್ಲಿ ನಮ್ಮ ಎದುರು ಮನೆಗೇ ಬಾಡಿಗೆಗೆ ಬಂದರು. ಒಬ್ಬರೇ. ನನ್ನ ತಲೆಯಲ್ಲಿ ಬಿಳಿ ಕೂದಲು ಕಂಡರೂ ಅವರು ನನ್ನನ್ನು ಕರೆಯುತ್ತಿದ್ದದ್ದು "ಹುಡುಗಿ" ಎಂದೇ.

ಅವರಿಗೆ ಒಂದೇ ಒಂದು ಆಸೆಯಿತ್ತು. ಫ್ರಾನ್ಸಿನ ಕಡಲ ತೀರದಲ್ಲಿ ಒಂದು ಕಡೆ ಸಮುದ್ರ ಇಳಿತದ ಹೊತ್ತಿಗೆ ಮೈಲಿಗಟ್ಟಲೆ ಹಿಂದೆ ಹೋಗಿ, ಮತ್ತೆ ಉಬ್ಬರಿಸಿ ಬಂದು, ನಡುವಿನ ಗುಡ್ಡವನ್ನು ಸುತ್ತಿಕೊಳ್ಳುತ್ತದಂತೆ.

"ಇಷ್ಟು ವರ್ಷ ಬೋರ್ಡ್ ಮೇಲೆ ಉಬ್ಬರ ಇಳಿತ ಬರ್ದೀನಿ. ಒಂದ್ಸಲ ಕಣ್ಣಾರೆ ನೋಡ್ಬೇಕು ಹುಡುಗಿ. ಟೂರಿನ ಬಸ್ಸಿನೋರು ಒಂದು ಗಂಟೆ ಕೊಡ್ತಾರೆ. ಸಮುದ್ರ ಹೋಗಿ ಬರೋಕೆ ಹನ್ನೆರಡು ಗಂಟೆ ಬೇಕು. ನಮ್ದೇ ಕಾರ್ ಇದ್ರೆ ಕೂತು ನೋಡ್ಬಹುದು. ನಿಂಗೆ ಓಡ್ಸೋಕೆ ಬರುತ್ತಲ್ಲ?"

ಬರುತ್ತಿತ್ತು. ಹೀಗೆ ಶುರುವಾಯಿತು… ಮಧ್ಯಾಹ್ನ ನಮ್ಮ ಊಟದ ಮೇಜಿನ ಮೇಲೆ ತಮ್ಮ ಅಟ್ಲಾಸನ್ನು ತೆರೆದು ಆ ದೇಶದ ನಕ್ಷೆಯನ್ನು ಹರಡುತ್ತಿದ್ದರು. ಪ್ಯಾರಿಸ್‌ನಿಂದ ಹೊರಟ ದಾರಕ್ಕೆ ರಾತ್ರಿ ತಂಗುವಲ್ಲೆಲ್ಲ ಒಂದೊಂದು ಗಂಟು. ಮೊದಲನೆಯದು ರುವಾಂ, ನಮ್ಮ ಹರಿಹರದಂತೆ ನದಿ ದಂಡೆಯ ಊರು. ಎರಡನೆಯದು ಎಟ್ರೆಟಾ, ಬಿಳಿ ಬಂಡೆಗಳ ತೀರ. ಮೂರನೆಯದು ಓನ್‌ಫ್ಲೂರ್ ಎಂಬ ಪುಟ್ಟ ಬಂದರು. ನಾಲ್ಕನೆಯ ಗಂಟು ಆ ಗುಡ್ಡ, ಮೊಂ ಸ್ಯಾಂ ಮಿಶೆಲ್. ಆ ಗಂಟನ್ನು ಮಾತ್ರ ಎರಡು ಸುತ್ತು ಬಿಗಿದಿದ್ದರು.

ಅಲ್ಲಿ ಸ್ಟೀರಿಂಗ್ ಎಡಕ್ಕೆ, ಗೇರು ಬಲಗೈಗೆ. ಅದಕ್ಕೂ ಮಿಸ್ ಹತ್ತಿರ ಉಪಾಯವಿತ್ತು. ಗೇಟಿನ ಮುಂದೆ ನಿಂತ ನಮ್ಮ ಕಾರಿನಲ್ಲಿ ನನ್ನನ್ನು ಎಡಗಡೆ ಕೂರಿಸಿ, ಕೈಗೆ ಊಟದ ತಟ್ಟೆ ಕೊಟ್ಟರು. ಅದು ಸ್ಟೀರಿಂಗ್. ಬಲಗೈಗೆ ಸಾರಿನ ಸೌಟು. ಅದು ಗೇರು. ಪಕ್ಕದ ಮನೆಯ ಆಪಾ ಕಾಂಪೌಂಡಿನ ಆಚೆಯಿಂದ ನೋಡಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅವರ ಯಜಮಾನರದು ಡ್ರೈವಿಂಗ್ ಸ್ಕೂಲು.

"ಅರೆ ಮಿಸ್, ನಮ್ಮನೆಯೋರ ಸ್ಕೂಲಿಗೆ ಕಳ್ಸ್ರಿ ಇವ್ರನ್ನ. ಅಲ್ಲಿ ತಟ್ಟೆಯೊಳಗೆ ಊಟಾನೇ ಮಾಡ್ತಾರೆ!"

"ನಿಮ್ಮನೆಯೋರು ಬ್ರೇಕು ಬಿಟ್ಟು ಇನ್ನೇನು ಹೇಳ್ಕೊಡ್ತಾರಮ್ಮ?" ಎಂದರು ಮಿಸ್. ನಾನೂ ಅಂದು ಬಹಳ ನಕ್ಕಿದ್ದೆ.

ಭಾನುವಾರ ಬೆಳಿಗ್ಗೆ ಆವರಗೆರೆಯ ಕಡೆಯ ಖಾಲಿ ಬಯಲಿಗೆ ಹೋಗಿ, ಬಲಬದಿಗೆ ಓಡಿಸುವ ಅಭ್ಯಾಸವನ್ನೂ ಮಾಡಿದೆವು. ನಾನು ಮರೆತು ಎಡಕ್ಕೆ ಸರಿದರೆ ತರಗತಿಯಲ್ಲಿ ಮಾಡುತ್ತಿದ್ದ ಹಾಗೆಯೇ ಬೆರಳ ಗೆಣ್ಣಿನಿಂದ ಡ್ಯಾಶ್‌ಬೋರ್ಡನ್ನು ಕುಟ್ಟುತ್ತಿದ್ದರು.

ನಾನು ಅದನ್ನೆಲ್ಲ ಒಂದು ಆಟವೆಂದೇ ತಿಳಿದಿದ್ದೆ. ಒಂದು ದಿನ ಅವರು ತಮ್ಮ ಹೊಸ ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟು, "ನಿಂದು ಕೊಡು, ಮುಂದಿನ ವಾರ ಟಿಕೆಟ್ ಮಾಡಿಸ್ತೀನಿ" ಎಂದಾಗಲೇ ಅದು ಆಟವಲ್ಲ ಎಂದು ತಿಳಿದದ್ದು. ನಾನು ಮನೆಯಲ್ಲಿ ಒಂದು ಮಾತೂ ಎತ್ತಿರಲಿಲ್ಲ. ಯಜಮಾನರು ಬೈಯುವವರಲ್ಲ. "ಯಾಕ?" ಎಂದು ಒಮ್ಮೆ ಕೇಳುತ್ತಿದ್ದರು, ಅಷ್ಟೇ. ಆ ಒಂದು ಮಾತಿಗೇ ನಾನು ಅಂಜಿದೆ.

"ಮಿಸ್, ನಂಗೆ ಬೆನ್ನುನೋವು. ಅಷ್ಟು ದೂರ ಒಬ್ಬಳೇ ಓಡ್ಸೋಕಾಗಲ್ಲ" ಎಂದೆ.

ನನಗೆ ಬೆನ್ನುನೋವು ಇರಲಿಲ್ಲ.

ಅವರು ದಾರವನ್ನು ಸುತ್ತಿ ಅಟ್ಲಾಸಿನ ಹಾಳೆಗಳ ನಡುವೆ ಇಟ್ಟರು. "ಹೌದಲ್ಲ, ಒಬ್ಬಳೇ ಅಂದ್ರೆ ಕಷ್ಟನೇ. ನಾನು ಅದನ್ನ ಯೋಚ್ನೆನೇ ಮಾಡಿರ್ಲಿಲ್ಲ ನೋಡು." ಅಟ್ಲಾಸನ್ನು ನನ್ನ ಕಡೆ ಸರಿಸಿದರು. "ಇದು ನಿನ್ನ ಹತ್ರನೇ ಇರ್ಲಿ."

ಆಮೇಲೆ ಆ ಮಾತು ಬರಲಿಲ್ಲ. ನನಗೆ ಸಮಾಧಾನವೇ ಆಯಿತು. ಬೆಳಿಗ್ಗೆ ನಾನು ರಂಗೋಲಿ ಹಾಕುವ ಹೊತ್ತಿಗೆ ಅವರು ಗೇಟಿಗೆ ಚಿಲಕ ಹಾಕಿ ಹೊರಡುತ್ತಿದ್ದರು. ಯಾವಾಗಲೂ ಚಪ್ಪಲಿ ಹಾಕುವವರು, ಆಗ ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. "ವಾಕಿಂಗಾ ಮಿಸ್?" ಎಂದರೆ, "ಹೂಂ, ಮೊಣಕಾಲಿಗೆ ಒಳ್ಳೇದಂತೆ" ಎನ್ನುತ್ತಿದ್ದರು. ಬಲಗಾಲಿನ ಶೂವಿನ ತುದಿ ಮಾತ್ರ ಬೇಗ ಸವೆದಿತ್ತು. ನೋಡಿದ್ದೆ. ಕೇಳಲಿಲ್ಲ.

ನಾಲ್ಕು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವರ ಗೇಟು ತೆರೆಯಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ಹರಿಹರದಲ್ಲಿ ಮಣ್ಣು ಮಾಡಿದರು. ಬರುವಾಗ ಸೇತುವೆಯ ಮೇಲಿಂದ ಹೊಳೆ ಕಂಡಿತು. ನೀರು ಕಡಿಮೆಯಿತ್ತು, ಬಂಡೆಗಳ ಮೇಲೆ ಯಾರದೋ ಬಟ್ಟೆ ಒಣಗುತ್ತಿತ್ತು. ಅಳು ಬರಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ ಅನ್ನಕ್ಕಿಟ್ಟೆ…

ಇವತ್ತೂ ಅಳು ಬರಲಿಲ್ಲ. ಅಂದು ಕೇಳಲು ಅಂಜಿದ್ದನ್ನು ಇಂದು ಯಜಮಾನರೇ ಮಂಡಕ್ಕಿ ತಿನ್ನುವ ಹೊತ್ತಿನಲ್ಲಿ ಕೊಟ್ಟು ಹೋಗಿದ್ದಾರೆ. ಮಧ್ಯಾಹ್ನ ಕೂತು, ದಾರವನ್ನು ನಕ್ಷೆಯ ಮೇಲಿಟ್ಟು, ನಾಲ್ಕು ಊರುಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದೆ. ನಾಲ್ಕನೆಯದರ ಮುಂದೆ "ಹನ್ನೆರಡು ಗಂಟೆ" ಎಂದು ಬರೆದೆ. ಸಮುದ್ರ ಬರುತ್ತದೆ, ಹೋಗುತ್ತದೆ. ನೋಡಬೇಕಾದವರು ಇಲ್ಲ. ಬೇರೆ ಊರು ಬರೆಯಲೂ ಕೈ ಬರಲಿಲ್ಲ.

ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಆಪಾ ಕರಿಬೇವಿಗೆ ಬಂದರು. ಎಸಳು ಮುರಿದುಕೊಡುತ್ತಾ, ಫ್ರಾನ್ಸಿಗೆ ಹೋಗುವ ವಿಷಯ ಹೇಳಿದೆ.

"ಅರೆ, ಮಿಸ್ಸು ಹೋಗ್ಬೇಕಂತಿದ್ದದ್ದೂ ಅಲ್ಲಿಗೇ ಅಲ್ಲೇನ್ರಿ?" ಎಂದರು ಆಪಾ, ಕರಿಬೇವನ್ನು ಸೆರಗಿಗೆ ಹಾಕಿಕೊಳ್ಳುತ್ತಾ. "ಪಾಪ, ಅದಕ್ಕಂತನೇ ದಿನಾ ಬೆಳಿಗ್ಗೆ ನಮ್ಮನೆಯೋರ ಹತ್ರ ಕಾರ್ ಕಲಿಯಾಕೆ ಬರ್ತಿದ್ರು. ಲೈಸೆನ್ಸ್ ಬರೋ ತನಕ ನಿಮ್ಗೆ ಹೇಳ್ಬ್ಯಾಡ ಅಂದಿದ್ರು. ಈ ವಯಸ್ಸಿಗೆ ಯಾಕ್ರಿ ಮಿಸ್ ಅಂದ್ರೆ, ಆ ಹುಡುಗಿಗೆ ಬೆನ್ನುನೋವು, ಅರ್ಧ ದಾರಿ ನಾನು ಓಡಿಸ್ತೀನಿ ಅನ್ನೋರು… ಅದಿರ್ಲಿ, ಈಗ ಹೆಂಗೈತ್ರಿ ನಿಮ್ ಬೆನ್ನು?"