ಹೊಟ್ಟು ತುಂಬಿದ ಚಕ್ಕೋತ

ನನ್ನ ಕೈಚಳಕದ ಬಗ್ಗೆ ದೇವನಹಳ್ಳಿ ಸುತ್ತಮುತ್ತ ಯಾರನ್ನಾದರೂ ಕೇಳಿ. ಮದುವೆ ಮನೆಯಲ್ಲಿ ಬೀಗರ ಚಪ್ಪಲಿಗಳನ್ನೆಲ್ಲ ಜೋಡಿ ತಪ್ಪಿಸಿ ಇಟ್ಟವನು ನಾನೇ. ಆದರೆ ನನ್ನ ಎಲ್ಲಕ್ಕಿಂತ ಒಳ್ಳೆಯ ಕೆಲಸವನ್ನು ಮೂರು ವರ್ಷ ಯಾರ ಮುಂದೆಯೂ ಹೇಳಿಕೊಳ್ಳಲಾಗಲಿಲ್ಲ.

ನಮ್ಮ ಚರ್ಚಿನ ಸಭೆಯ ಸುಗ್ಗಿ ಹಬ್ಬಕ್ಕೆ ಎಲ್ಲರೂ ಮೊದಲ ಬೆಳೆ ತರುತ್ತಾರೆ. ಆರಾಧನೆ ಮುಗಿದ ಮೇಲೆ ಅದರ ಹರಾಜು. ಮೂರು ವರ್ಷದ ಹಿಂದೆ ಸಭೆಯ ಹಿರಿಯರಾದ ನನ್ನ ಭಾವ, ಅಂದರೆ ಅಕ್ಕನ ಗಂಡ, ತಲೆಗಾತ್ರದ ಚಕ್ಕೋತ ತಂದರು. ಹಿಂದಿನ ದಿನವೇ ನಾನು ಅವರ ಮನೆಗೆ ಹೋಗಿ, ಅದರ ತೊಟ್ಟಿನ ಬಳಿ ಬಿಲ್ಲೆಯಷ್ಟು ಕೊಯ್ದು, ತೊಳೆಗಳನ್ನು ತಿಂದು, ರಾಗಿ ಹೊಟ್ಟು ತುಂಬಿ, ಭಾರಕ್ಕೊಂದು ಕಲ್ಲನ್ನೂ ಇಟ್ಟು ಅಂಟಿಸಿದ್ದೆ. ಗೆರೆ ಕಾಣುತ್ತಿರಲಿಲ್ಲ.

ಹರಾಜಿನಲ್ಲಿ ಕೊಂಡವನು ಅಲ್ಲೇ ಕೊಯ್ದ. ಹೊಟ್ಟು ಸುರಿಯಿತು. ನಗುತ್ತಾರೆ ಅಂದುಕೊಂಡಿದ್ದೆ.

“ದೇವ್ರಿಗೂ ಹೊಟ್ಟು ತಂದ್ರಲ್ಲಪ್ಪ ಹಿರಿಯರು,” ಅಂದ ಅವನು.

ಭಾವ ಎದ್ದು ಹೋದರು. ಮುಂದಿನ ಭಾನುವಾರದಿಂದ ಅವರ ಪರ ನಿಂತ ಆರು ಮನೆಯವರು ಸಭೆ ಬಿಟ್ಟು, ಭಾವನ ರೇಷ್ಮೆ ಹುಳು ಸಾಕುವ ಮನೆಯಲ್ಲೇ ಪ್ರಾರ್ಥನೆಗೆ ಕೂತರು. ನಾನು ಬಾಯಿ ಬಿಡಲಿಲ್ಲ.

ಈ ವರ್ಷ, ಒಡೆದ ಸಭೆಯನ್ನು ಮತ್ತೆ ಕಟ್ಟಲು ಹೊಸ ಮೈಕು, ಗೋಡೆಗೆ ಬಣ್ಣ ಬೇಕೆಂದು ಎಲ್ಲರೂ ಹೇಳುತ್ತಿದ್ದೆವು. ಸುಗ್ಗಿ ಹಬ್ಬದ ದಿನ ಪಾದ್ರಿ ಅಯ್ಯನವರು ಬೈಬಲ್ ತೆರೆದು ಯೇಸು ಹೇಳಿದ ಒಂದು ಮಾತನ್ನು ಮಾತ್ರ ಓದಿದರು. ಕಾಣಿಕೆ ತಂದಾಗ, ಸಹೋದರನಿಗೆ ನಿನ್ನ ಮೇಲೆ ಬೇಸರವಿದೆಯೆಂದು ನೆನಪಾದರೆ, ಕಾಣಿಕೆಯನ್ನು ವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಒಂದಾಗಿ ಬಾ ಎಂಬ ಮಾತು.

“ನಾವು ಹಾಡ್ತಿರ್ತೀವಿ. ಹೋಗೋರು ಹೋಗ್ಬನ್ನಿ,” ಅಂದರು.

ನನ್ನ ಮಡಿಲಲ್ಲೂ ಚಕ್ಕೋತವಿತ್ತು. ಯಾರೂ ಏಳಲಿಲ್ಲ. ಹಾಡು ಎರಡನೇ ಸಲ ಶುರುವಾಯಿತು.

“ಯಾಕ್ರೀ ಹಿಂಗ್ ಬೆವರ್ತಿದೀರಾ?” ಅಂದಳು ಹೆಂಡತಿ.

ಹಣ್ಣನ್ನು ವೇದಿಯ ಮುಂದಿಟ್ಟು ಹೊರಟೆ. ಮೂರು ತೋಟ ದಾಟುವಷ್ಟರಲ್ಲಿ ಮೂರು ಸಲ ವಾಪಸು ತಿರುಗಿದೆ. ರೇಷ್ಮೆ ಮನೆಯ ಬಾಗಿಲಲ್ಲಿ ನಿಂತಾಗ ಒಳಗಿದ್ದವರ ಪ್ರಾರ್ಥನೆ ನಿಂತುಹೋಯಿತು.

“ಭಾವ, ಆ ಹೊಟ್ಟು ತುಂಬ್ದೋನು ನಾನು.”

ಭಾವ ಎದ್ದು ಬಾಗಿಲಿಗೆ ಬಂದರು. “ಕಲ್ಲೂ ನೀನೇ ಇಟ್ಟಿದ್ದಾ?”

“ನಾನೇ. ತೂಕ ಸರಿಯಾಗಿರ್ಲಿ ಅಂತ.”

“ಮೂರು ವರ್ಷ ತಲೆ ತಗ್ಗಿಸ್ಕೊಂಡು ಓಡಾಡಿದೀನಿ ಕಣೋ. ಹೊಟ್ಟು ಸುರಿದಿದ್ದು ಎಲ್ರ ಮುಂದೆ. ನೀನು ಇಲ್ಬಂದು ಹೇಳಿದ್ರೆ ಮುಗೀತಾ?”

“ಎಲ್ರ ಮುಂದೇನೂ ಹೇಳ್ತೀನಿ. ಬನ್ನಿ.”

ಹಿಂದೆ ಯಾರು ಬರುತ್ತಿದ್ದಾರೆಂದು ತಿರುಗಿ ನೋಡುವ ಧೈರ್ಯ ಬರಲಿಲ್ಲ. ಚರ್ಚಿಗೆ ವಾಪಸು ಬಂದು, ವೇದಿಯ ಪಕ್ಕ ನಿಂತು ಎಲ್ಲವನ್ನೂ ಹೇಳಿದೆ. ಒಬ್ಬರೂ ನಗಲಿಲ್ಲ. ಅಂದು ಹಣ್ಣು ಕೊಯ್ದವನು ಎದ್ದು ಬಂದು ಭಾವನ ಕೈ ಹಿಡಿದುಕೊಂಡ. ಭಾವ ಅವನಿಂದಲೇ ಚಾಕು ತರಿಸಿ ನನ್ನ ಹಣ್ಣನ್ನು ಎಳೆದುಕೊಂಡರು.

“ಮೊದ್ಲು ಕೊಯ್ದು ನೋಡೋಣ. ಇವನನ್ನ ನಂಬೋಕಾಗಲ್ಲ.”

ಒಳಗೆ ಕೆಂಪು ತೊಳೆಗಳೇ ಇದ್ದವು. ಭಾವ ಒಂದನ್ನು ಬಾಯಿಗೆ ಹಾಕಿಕೊಂಡು ತಮ್ಮ ಹಳೆಯ ಜಾಗದಲ್ಲಿ ಕೂತರು.

ಆರು ಮನೆಗಳಲ್ಲಿ ನಾಲ್ಕು ಮನೆಯವರು ಬಂದಿದ್ದರು. ಉಳಿದ ಎರಡು ಮನೆಗಳಿಗೆ ನಾನೇ ಹೋಗಬೇಕೆಂದು ಅಕ್ಕನ ಅಪ್ಪಣೆಯಾಗಿದೆ. ಹಣ್ಣನ್ನು ಕೊಯ್ದೇ ತಗೊಂಡು ಹೋಗಬೇಕಂತೆ.